ಕಾರು ಮಾರಿ ಬೈಕ್ ನಂಬುವ ಮುನ್ನ

ತಿಂಗಳಿಗೆ ನಾಲ್ಕು ದಿನ ಓಡೋ ಕಾರಿಗೆ ವರ್ಷಪೂರ್ತಿ ಕಂತು, ವಿಮೆ ಕಟ್ಟೋದು ರಾಗಿ ಬೆಳೆಯೋ ನನಗೆ ಹೊರೆಯಾಗಿತ್ತು. ಮಾರಿಬಿಟ್ಟೆ. ಈಗ ಮಳೆ, ಬಿಸಿಲು ಎಲ್ಲಕ್ಕೂ ಬೈಕೇ. ಕಲಿತ ಪಾಠಗಳು:

1. ಮೊದಲ ಮಳೆಗೆ ಧೂಳು, ಎಣ್ಣೆ ಸೇರಿ ರಸ್ತೆ ಜಾರುತ್ತದೆ. ನಿಧಾನವಾಗಿ ಹೋಗಿ, ಎರಡೂ ಬ್ರೇಕ್ ಮೆಲ್ಲಗೆ ಹಿಡಿಯಿರಿ.

2. ಸುಗ್ಗಿಯಲ್ಲಿ ರಸ್ತೆಗೆ ಹುರುಳಿ, ರಾಗಿ ಹರಡಿರುತ್ತಾರೆ. ಅದು ಸಿಗುವ ಮೊದಲೇ ವೇಗ ಇಳಿಸಿ. ಅದರ ಮೇಲೆ ಬ್ರೇಕ್ ಒತ್ತಿ ನಾನು ಬಿದ್ದೆ; ತಲೆ ಉಳಿಸಿದ್ದು ಹೆಲ್ಮೆಟ್.

3. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದಾಗಲೂ, ಚೈನ್‌ಗೆ ಎಣ್ಣೆ ಹಾಕಿ.

4. ಗೊಬ್ಬರದ ಮೂಟೆಗೆ ನಾಲ್ಕು ಜನ ಸೇರಿ ಗೂಡ್ಸ್ ಆಟೊ ಮಾಡಿ.

ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟಿತು. ಬೈಕಲ್ಲಿ ಕೂರಿಸೋ ಸ್ಥಿತಿ ಇರಲಿಲ್ಲ. 108ಕ್ಕೆ ಫೋನ್ ಮಾಡಿದೆ. ಕಾರು ಮಾರುವ ಮುಂಚೆಯೇ ಊರಿನ ಆಟೊದವರ ನಂಬರೂ ಮೊಬೈಲಲ್ಲಿ ಇರಲಿ.