ಅಣಬೆಯ ಕಲೆರೋಗಕ್ಕೆ ಒಳ್ಳೆಯ ಹೆಪ್ಪು

ಬೈಹುಲ್ಲಿನಲ್ಲಿ ಚಿಪ್ಪು ಅಣಬೆ ಬೆಳೆಯುವ ಮನೆಗಳು ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಈಗ ಅಲ್ಲಲ್ಲಿ ಉಂಟು. ತೆಂಗಿನ ಮಡಲಿನ ದಂಟಿನಲ್ಲಿಯೂ ಇದನ್ನು ಬೆಳೆಯಬಹುದೆಂದು ಇಲ್ಲಿಯ ಸಿ.ಪಿ.ಸಿ.ಆರ್.ಐ. ಸಂಸ್ಥೆಯವರು ತೋರಿಸಿಕೊಟ್ಟಿದ್ದಾರೆ. ಕಳೆದ ಮಳೆಗಾಲದಲ್ಲಿ ನಾವೂ ಇಪ್ಪತ್ತು ಚೀಲ ಕಟ್ಟಿದೆವು. ಮೊದಲನೆಯ ಕೊಯ್ಲು ಚೆನ್ನಾಗಿ ಬಂತು. ಎರಡನೆಯದರಲ್ಲಿ ಕೊಡೆಗಳ ಮೇಲೆ ಹಳದಿ ಕಲೆ ಎದ್ದು, ಕಂದಾಗಿ, ಲೋಳೆಯಾಗಿ ನಾರಿತು. ಅರ್ಧ ಫಸಲನ್ನು ದೂರದಲ್ಲಿ ಗುಂಡಿ ತೋಡಿ ಹೂಳಬೇಕಾಯಿತು.

ಇದಕ್ಕೆ ಅಡಿಕೆಗೆ ಹೊಡೆಯುವಂತೆ ಮೈಲುತುತ್ತು ಹೊಡೆದರೇನು ಎಂದು ಕೆಲವರು ಕೇಳಿದರು. ಹಾಗೆ ಮಾಡಬಾರದು. ಅಣಬೆ ತಾನೇ ಒಂದು ಶಿಲೀಂಧ್ರ. ಶಿಲೀಂಧ್ರವನ್ನು ಕೊಲ್ಲುವ ಮದ್ದು ಬೆಳೆಯನ್ನೇ ಕೊಲ್ಲುವುದು.

ರೋಗದ ಮೂಲ

ಈ ರೋಗವನ್ನು ತರುವುದು ಒಂದು ಬ್ಯಾಕ್ಟೀರಿಯ. 1915ರಲ್ಲಿ ಅಮೇರಿಕದ ಟೊಲಾಸ್ ಎಂಬವರು ಬಟನ್ ಅಣಬೆಯಲ್ಲಿ ಇದನ್ನು ವಿವರಿಸಿದರು. ಅವರ ಹೆಸರಿನಿಂದಲೇ ಅದನ್ನು ಸ್ಯೂಡೋಮೊನಾಸ್ ಟೊಲಾಸಿಯೈ ಎನ್ನುತ್ತಾರೆ. ಅದು ಉಗುಳುವ ವಿಷವು ಅಣಬೆಯ ಜೀವಕೋಶಗಳ ಪೊರೆಯನ್ನು ತೂತು ಮಾಡುತ್ತದೆ. ರಸ ಸೋರಿ ಕಲೆ ಮೂಡುತ್ತದೆ. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇರುವ ಈ ಜೀವಿ, ಕೊಡೆಯ ಮೇಲೆ ನೀರು ಆರದೆ ನಿಂತರೆ ಬೇಗನೆ ಹೆಚ್ಚುವುದು.

ಹೆಪ್ಪಿನ ಉಪಾಯ

ಕಾಯಿಸಿದ ಹಾಲನ್ನು ಸುಮ್ಮನೆ ಬಿಟ್ಟರೆ ಕೆಡುತ್ತದೆ; ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಒಳ್ಳೆಯ ಸೂಕ್ಷ್ಮಾಣುಗಳು ಮೊದಲೇ ಸೇರಿ, ಆಹಾರವನ್ನೂ ಜಾಗವನ್ನೂ ಹಿಡಿದರೆ ಕೆಟ್ಟವುಗಳಿಗೆ ಎಡೆ ಸಿಗದು. ಅಣಬೆಯಲ್ಲಿಯೂ ಇದೇ ನ್ಯಾಯ. 1972ರಲ್ಲಿ ಆಸ್ಟ್ರೇಲಿಯದ ನಾಯರ್ ಮತ್ತು ಫಾಹಿ ಎಂಬ ವಿಜ್ಞಾನಿಗಳು ರೋಗಾಣುವನ್ನು ಎದುರಿಸುವ ಬ್ಯಾಕ್ಟೀರಿಯಗಳನ್ನು ಬಟನ್ ಅಣಬೆಯ ಮೇಲುಮಣ್ಣಿಗೆ ಸೇರಿಸಿ, ಕಲೆರೋಗ ತಗ್ಗುವುದನ್ನು ತೋರಿಸಿದರು. ಸ್ಯೂಡೋಮೊನಾಸ್ ಫ್ಲೂರೆಸೆನ್ಸ್ ಜಾತಿಯ ಕೆಲವು ತಳಿಗಳು ಇಂತಹವು.

ಬೆಳೆಸುವ ಕ್ರಮ

ಪ್ರಯೋಗಾಲಯದಲ್ಲಿ ಪೆಪ್ಟೋನ್, ಗ್ಲಿಸರಿನ್, ಲವಣಗಳ ಸಾರನ್ನು ಹಬೆಯ ಒತ್ತಡದಲ್ಲಿ ಶುದ್ಧಮಾಡಿ, ಆರಿದ ಮೇಲೆ ಶುದ್ಧ ತಳಿಯನ್ನು ಬಿಡುತ್ತಾರೆ. ಸುಮಾರು 28 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ದಿನ ಅಲುಗಾಡಿಸುತ್ತಾ ಇಟ್ಟರೆ ಅದು ಕೋಟಿಗಟ್ಟಲೆ ಹೆಚ್ಚುತ್ತದೆ. ಅನಂತರ ಟಾಲ್ಕ್ ಪುಡಿಗೆ ಬೆರೆಸಿ ಪೊಟ್ಟಣ ಕಟ್ಟುತ್ತಾರೆ. ಈ ಜೀವಿಗೆ ಗಟ್ಟಿ ಬೀಜಕಣ ಇಲ್ಲ, ಬಿಸಿಲಿಗಿಟ್ಟರೆ ಸಾಯುತ್ತದೆ. ಪೊಟ್ಟಣವನ್ನು ನೆರಳಿನಲ್ಲಿಟ್ಟು, ಅವಧಿಯೊಳಗೆ ಬಳಸಬೇಕು.

ಬೆಲ್ಲದ ನೀರಿನಲ್ಲಿ ಮನೆಯಲ್ಲೇ ಬೆಳೆಸಬಹುದಲ್ಲವೇ ಎಂಬ ಆಸೆ ನಮಗೂ ಹುಟ್ಟಿತ್ತು. ಆದರೆ ರೋಗಾಣುವೂ ಒಳ್ಳೆಯ ಅಣುವೂ ಒಂದೇ ಕುಲದವು. ಎರಡೂ ಹಸುರು ಹಳದಿ ಬಣ್ಣ ಬಿಡುತ್ತವೆ. ಕಣ್ಣಿಗೆ ಭೇದ ತಿಳಿಯದು. ಹೆಪ್ಪು ಕೆಟ್ಟರೆ ಮೊಸರೆಲ್ಲ ಕೆಡುವಂತೆ, ನಾವೇ ರೋಗವನ್ನು ಬೆಳೆಸಿ ಚೀಲಕ್ಕೆ ಸುರಿದಂತಾದೀತು. ಮೆಣಸಿನ ಬಳ್ಳಿಗೆಂದು ಸಿಗುವ ಪುಡಿಯನ್ನೂ ಅಣಬೆಗೆ ಹಾಕಬಾರದು. ಅಣಬೆಗೆಂದೇ ಪರೀಕ್ಷಿಸಿದ ತಳಿ ಬೇಕು. ಚಿಪ್ಪು ಅಣಬೆಗೆ ಮೇಲುಮಣ್ಣು ಇಲ್ಲದಿರುವುದರಿಂದ ಬಟನ್ ಅಣಬೆಯ ಪ್ರಮಾಣ ಇದಕ್ಕೆ ಹೊಂದದು. ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಯೇ ಹಾಕಬೇಕು.

ನಾವು ಮಾಡಬೇಕಾದುದು

1. ನೀರು ಚಿಮುಕಿಸಿದ ಮೇಲೆ ಕಿಟಕಿ ತೆರೆದು, ಎರಡು ಮೂರು ಗಂಟೆಯೊಳಗೆ ಕೊಡೆಗಳು ಆರುವಂತೆ ನೋಡಬೇಕು. ಸಂಜೆ ತಡವಾಗಿ ನೀರು ಬೇಡ.

2. ಕಲೆ ಬಿದ್ದುದನ್ನು ಆ ದಿನವೇ ತೆಗೆದು ಹೂಳಬೇಕು. ಅದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬೇರೆ ಚೀಲವನ್ನು ಮುಟ್ಟಬಾರದು.

3. ಪರೀಕ್ಷಿತ ತಳಿ ದೊರೆತರೆ ರೋಗ ಕಾಣುವ ಮೊದಲೇ ಕೊಡಬೇಕು. ಆ ದಿನ ಬ್ಲೀಚಿಂಗ್ ಪುಡಿ ಹಾಕಿದ ನೀರು ಕೂಡದು; ಅದು ಒಳ್ಳೆಯದನ್ನೂ ಕೊಲ್ಲುವುದು.

4. ಮೊದಲು ಐದು ಚೀಲಕ್ಕೆ ಮಾತ್ರ ಕೊಟ್ಟು, ಐದು ಚೀಲಕ್ಕೆ ಬರಿಯ ನೀರು ಕೊಟ್ಟು, ಎರಡರ ಕೊಯ್ಲನ್ನೂ ತೂಗಿ ಬರೆದಿಡಬೇಕು.

ಈ ಮಳೆಗಾಲಕ್ಕೆ ನಾವು ಹತ್ತೇ ಚೀಲ ಕಟ್ಟುವವರಿದ್ದೇವೆ. ಹೆಪ್ಪು ಸಿಗಲಿ, ಸಿಗದಿರಲಿ, ಗಾಳಿಯನ್ನಂತೂ ಮೊದಲ ದಿನದಿಂದಲೇ ಬಿಡುವೆವು.