ಮಗಳು ಅಮೆರಿಕಾದ ಕಾಲೇಜಿಗೆ ಅರ್ಜಿ ಹಾಕುತ್ತೇನೆಂದರೆ



ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹೆಣ್ಣುಮಕ್ಕಳು ಪಿಯುಸಿ ಮುಗಿಸಿದ ಮೇಲೆ ಮೊಬೈಲಿನಲ್ಲೇ ದೂರದ ಕಾಲೇಜುಗಳನ್ನು ನೋಡುವ ಕಾಲ ಇದು. "ಅವ್ವಾ, ಅಮೆರಿಕಾದಾಗ ಎರಡು ವರ್ಷದ ಕಾಲೇಜ್ ಅದಾವಂತ, ಅರ್ಜಿ ಹಾಕ್ಲೇನು?" ಎಂದು ಮಗಳು ಕೇಳಿದರೆ ಏನು ಹೇಳಬೇಕು? 'ನಮ್ಮಂಥವರಿಗೆ ಆಗಂಗಿಲ್ಲ' ಎಂದು ಬಾಯಿ ಮುಚ್ಚಿಸುವುದು ಬೇಡ. ಹೊಲ ಮಾರಿ ಏಜೆಂಟನ ಕೈಗೆ ಹಣ ಕೊಡುವುದೂ ಬೇಡ.

ಇವಕ್ಕೆ ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ಹೆಚ್ಚಿನವು ಸರ್ಕಾರಿ. ಎರಡು ವರ್ಷ ಓದಿ, ಆ ಅಂಕಗಳ ಮೇಲೆ ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಿದರೆ ಪದವಿ ಪೂರ್ತಿಯಾಗುತ್ತದೆ. ಶುಲ್ಕ ಕಡಿಮೆ ಎಂಬ ಮಾತು ಅಲ್ಲಿನ ಮಕ್ಕಳಿಗೆ ನಿಜ, ಹೊರದೇಶದವರಿಗೆ ದರ ಬೇರೆ. ಅನೇಕ ಕಾಲೇಜುಗಳಲ್ಲಿ ಹಾಸ್ಟೆಲ್ ಕೂಡ ಇರುವುದಿಲ್ಲ.

ಅರ್ಜಿಯೇನೋ ಸುಲಭ. ಕಾಲೇಜಿನ ವೆಬ್‌ಸೈಟಿನಲ್ಲಿ ಮಗಳೇ ತುಂಬಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ. ನಮ್ಮ ಕಡೆ ತೊಡಕು ಬರುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರಿನಲ್ಲಿ ಅಡ್ಡಹೆಸರು, ಹೀಗಿದ್ದರೆ ಪಾಸ್‌ಪೋರ್ಟಿಗೆ 1,500 ರೂ. ಕಟ್ಟುವ ಮೊದಲೇ ಸರಿಪಡಿಸಿಕೊಳ್ಳಬೇಕು.

ನಿಜವಾದ ಭಾರ ಮುಂದೆ ಇದೆ. ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣವಿದೆ ಎಂದು ಬ್ಯಾಂಕಿನ ಕಾಗದದಿಂದ ತೋರಿಸಿದ ಮೇಲೆಯೇ ಕಾಲೇಜು 'ಐ-20' ಎಂಬ ಪತ್ರ ಕೊಡುತ್ತದೆ. ಅದಿಲ್ಲದೆ ವೀಸಾ ಇಲ್ಲ. ಶುಲ್ಕ, ಊಟ, ಬಾಡಿಗೆ, ವಿಮೆ ಸೇರಿ 20,000 ಡಾಲರ್ ಎಂದು ಕಾಲೇಜು ಬರೆದರೆ, ಡಾಲರಿಗೆ 85 ರೂ. ಹಿಡಿದರೂ 17 ಲಕ್ಷ ಆಯಿತು. ಅದೂ ಒಂದೇ ವರ್ಷಕ್ಕೆ! ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತದೆ. ಮನೆ, ನಿವೇಶನ ನಡೆಯುತ್ತದೆ, ಆದರೆ ತೊಗರಿ ಬೆಳೆಯುವ ಹೊಲದ ಪಹಣಿಯನ್ನು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಆಗ ಮನೆಯವರು ಖಾಸಗಿ ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ. ನಮಗಿರುವ ಹೆದರಿಕೆ ಇದೇ.

ಐ-20 ಬಂದ ಮೇಲೆ ಸೆವಿಸ್ ಎಂಬ ನೋಂದಣಿಗೆ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್ ಕಟ್ಟಿ ಸಂದರ್ಶನಕ್ಕೆ ಹೋಗಬೇಕು. ವೀಸಾ ಸಿಗದಿದ್ದರೆ ಆ 185 ಡಾಲರ್ ವಾಪಸ್ ಬರಂಗಿಲ್ಲ. "ಅಲ್ಲಿ ದುಡಿದು ಸಾಲ ತೀರಿಸ್ತಾಳ ಬಿಡ್ರಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾಠ ನಡೆಯುವಾಗ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅನುಮತಿ ಇಲ್ಲದೆ ಹೊರಗೆ ದುಡಿದರೆ ಅಲ್ಲಿರುವ ಹಕ್ಕೇ ಹೋಗುತ್ತದೆ. ನಾಲ್ಕು ದಿನಕ್ಕೆ ಖಾತೆಯಲ್ಲಿ ಹಣ ಇಟ್ಟು ತೋರಿಸುತ್ತೇನೆ ಎನ್ನುವ ಏಜೆಂಟನಿಂದ ದೂರವಿರಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ವೀಸಾ ಬಾಗಿಲು ಮುಂದೆಯೂ ತೆರೆಯದೇ ಹೋಗಬಹುದು, ಆ ಶಿಕ್ಷೆ ಏಜೆಂಟನಿಗಲ್ಲ, ಮಗಳಿಗೆ. ಅಮೆರಿಕಾ ಸರ್ಕಾರದ 'ಎಜುಕೇಶನ್ ಯುಎಸ್‌ಎ' ಕೇಂದ್ರಗಳನ್ನೇ ನೇರವಾಗಿ ಕೇಳಬಹುದು.

ಇನ್ನೊಂದು ದಾರಿಯೂ ಹತ್ತಿರದಲ್ಲೇ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ 'ಸಿಯುಇಟಿ' ಪರೀಕ್ಷೆಯ ಮೂಲಕ ನಡೆಯುತ್ತದೆ. ಇಲ್ಲಿ ಪದವಿ ಮುಗಿಸಿ, ಮುಂದಿನ ಓದಿಗೆ ವಿದ್ಯಾರ್ಥಿವೇತನ ಹುಡುಕಿಕೊಂಡು ಹೊರದೇಶಕ್ಕೆ ಹೋಗುವುದು ನಮ್ಮ ಲೆಕ್ಕದಲ್ಲಿ ಜಾಣತನ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಆಸ್ತಿ ಮಹಿಳೆಯ ಹೆಸರಿನಲ್ಲಿದೆ? ಮಗಳ ಓದಿನ ಸಾಲಕ್ಕೆ ಸಹಿ ಹಾಕುವ ಮೊದಲು ತಾಯಿ ಏನೇನು ಕೇಳಬೇಕು? ಮುಂದಿನ ಸಭೆಗೆ ಬರುವಾಗ ಮಗಳ ಆಧಾರ್ ಮತ್ತು ಅಂಕಪಟ್ಟಿ ತನ್ನಿರಿ, ಹೆಸರು ಒಂದೇ ಇದೆಯೇ ಎಂದು ಎಲ್ಲರೂ ಕೂಡಿ ನೋಡೋಣ.