ಟ್ಯಾಂಕ್ ಸೋರಿದಾಗ ಎರೆಮಣ್ಣಿಗೆ ಏನು ಚಿಕಿತ್ಸೆ?

ಪೆಟ್ರೋಲ್ ಪಂಪಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಯಂತ್ರ ಮತ್ತು ಪೈಪು. ಎಣ್ಣೆ ಇರುವುದು ನೆಲದಡಿಯ ಟ್ಯಾಂಕಿನಲ್ಲಿ. ಟ್ಯಾಂಕಿನ ಉಕ್ಕಿಗೆ ವರ್ಷಗಳು ಕಳೆದಂತೆ ತುಕ್ಕು ಹಿಡಿಯುತ್ತದೆ, ಪೈಪಿನ ಜೋಡಣೆ ಸಡಿಲಾಗುತ್ತದೆ. ಹಿಪ್ಪರಗಿ, ಜಮಖಂಡಿ, ಮುಧೋಳ ಸೀಮೆಯ ಎರೆಭೂಮಿಯಲ್ಲಿ ಇನ್ನೊಂದು ತೊಂದರೆಯೂ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಆ ಎಳೆದಾಟವನ್ನು ಹೂತಿಟ್ಟ ಪೈಪಿನ ಕೀಲುಗಳೂ ತಾಳಿಕೊಳ್ಳಬೇಕು.

ಹನಿ ಹನಿ ಸೋರಿದರೆ ಏನು ಮಹಾ ಎನ್ನಬೇಡಿ. ಲೆಕ್ಕ ನೋಡಿ. ನಮ್ಮ ದೇಶದ ಪೆಟ್ರೋಲಿನಲ್ಲಿ ಕ್ಯಾನ್ಸರ್ ತರುವ ರಾಸಾಯನಿಕವಾದ ಬೆಂಜೀನ್ ಶೇ. 1ರವರೆಗೆ ಇರಬಹುದು. ಅಂದರೆ ಒಂದು ಲೀಟರಿನಲ್ಲಿ ಹೆಚ್ಚೆಂದರೆ ಸುಮಾರು 9 ಗ್ರಾಂ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅಷ್ಟೂ ಬೆಂಜೀನ್ ನೀರಿಗಿಳಿದರೆ, ಒಂದೇ ಲೀಟರ್ ಪೆಟ್ರೋಲ್ ಸುಮಾರು 9 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು.

ಸೋರಿದ ಎಣ್ಣೆ ನೆಲದೊಳಗೆ ನಾಲ್ಕು ಪಾಲಾಗುತ್ತದೆ. ಒಂದು ಪಾಲು ಮಣ್ಣಿನ ಕಣಗಳಿಗೆ ಅಂಟುತ್ತದೆ. ಇನ್ನೊಂದು ಆವಿಯಾಗಿ ಮಣ್ಣಿನ ಸಂದುಗಳಲ್ಲಿ ನಿಲ್ಲುತ್ತದೆ. ಮೂರನೆಯದು ಅಂತರ್ಜಲದ ಮೇಲೆ ತೇಲುತ್ತದೆ. ನಾಲ್ಕನೆಯದು ನೀರಿನಲ್ಲಿ ಕರಗಿ ಬಾವಿ, ಬೋರ್‌ವೆಲ್‌ಗಳ ಕಡೆಗೆ ಸಾಗುತ್ತದೆ. ಕೃಷ್ಣೆಯ ದಂಡೆಯಂಥ ಕಡೆ ಅಂತರ್ಜಲ ಏರುತ್ತ ಇಳಿಯುತ್ತ ಇದ್ದರೆ, ತೇಲುವ ಎಣ್ಣೆಯೂ ಅದರೊಂದಿಗೆ ಏರಿಳಿದು, ತಾನು ಮುಟ್ಟಿದಷ್ಟೂ ದಪ್ಪದ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ತಡಮಾಡಿದಷ್ಟೂ ಕೆಲಸ ಬೆಳೆಯುತ್ತದೆ.

ಮೊದಲ ಕೆಲಸ ಸೋರಿಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡುವುದು. ಬೆಂಕಿ, ಬೀಡಿ, ಕಿಡಿ ಹಾರುವ ಯಂತ್ರ ಯಾವುದೂ ಹತ್ತಿರ ಬರಕೂಡದು. ನೀರು ಹೊಯ್ದು ತೊಳೆಯಲೂಬಾರದು. ಹಾಗೆ ಮಾಡಿದರೆ ಎಣ್ಣೆಯನ್ನು ನಾವೇ ಆಳಕ್ಕೆ ಕಳಿಸಿದಂತೆ.

ಎರಡನೆಯದು, ಎಣ್ಣೆ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯುವುದು. ಸುತ್ತಲೂ ರಂಧ್ರ ಕೊರೆದು ಬೇರೆ ಬೇರೆ ಆಳದ ಮಣ್ಣು ತೆಗೆಯುತ್ತಾರೆ. ಸ್ಥಳದಲ್ಲೇ ಮಾಡುವ ಸರಳ ಪರೀಕ್ಷೆಯೊಂದಿದೆ. ಗಾಜಿನ ಶೀಶೆಗೆ ಸ್ವಲ್ಪ ಮಣ್ಣು ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಅಲುಗಾಡಿಸಿ ಇಡುತ್ತಾರೆ. ಎಣ್ಣೆ ಸಾಕಷ್ಟಿದ್ದರೆ ಮೇಲೆ ಬಣ್ಣಬಣ್ಣದ ತೆಳು ಪೊರೆ ಕಟ್ಟುತ್ತದೆ. ಪೊರೆ ಕಾಣಲಿಲ್ಲವೆಂದರೆ ಮಣ್ಣು ಶುದ್ಧವೆಂದಲ್ಲ. ಕೊನೆಯ ಮಾತು ಪ್ರಯೋಗಾಲಯದ್ದೇ.

ಮೂರನೆಯದು ಚಿಕಿತ್ಸೆ. ಇಲ್ಲಿ ಮಣ್ಣಿನ ಗುಣ ನೋಡದೆ ಹೆಜ್ಜೆ ಇಡಬಾರದು. ಮರಳು ಮಣ್ಣಾದರೆ ಕೊಳವೆ ಇಳಿಸಿ ಆವಿಯನ್ನು ಹೀರಿ ತೆಗೆಯಬಹುದು. ನೆನೆದು ಉಬ್ಬಿದ ಎರೆಮಣ್ಣಿನಲ್ಲಿ ಗಾಳಿ ಆಡುವುದೇ ಕಷ್ಟ. ಒಣಗಿ ಬಿರಿದರೆ ಗಾಳಿ ಬಿರುಕಿನಲ್ಲಷ್ಟೇ ನುಗ್ಗಿ ಹೆಂಟೆಯ ಒಳಭಾಗವನ್ನು ಮುಟ್ಟುವುದಿಲ್ಲ. ಹೀಗಾಗಿ ಸೋರಿಕೆ ಹೆಚ್ಚು ಆಳಕ್ಕೆ ಹೋಗಿರದಿದ್ದರೆ ಕೆಟ್ಟ ಮಣ್ಣನ್ನು ಅಗೆದು ಹೊರತೆಗೆಯುವುದೇ ಮೇಲು.

ಅಗೆದ ಮಣ್ಣನ್ನು ಹೊಲಕ್ಕೋ ಹಳ್ಳಕ್ಕೋ ಸುರಿಯುವಂತಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬದು ಕಟ್ಟಿ, ಒಂದೂವರೆ ಅಡಿ ಮೀರದಂತೆ ಹರಡುತ್ತಾರೆ. ಹೆಂಟೆ ಒಡೆದು, ಗಾಳಿಯಾಡಲು ಹೊಟ್ಟು ಅಥವಾ ಕತ್ತರಿಸಿದ ಕಬ್ಬಿನ ರವದಿ ಬೆರೆಸಬಹುದು. ಮುಂದಿನ ಕೆಲಸ ಮಣ್ಣಿನಲ್ಲೇ ಇರುವ ಸೂಕ್ಷ್ಮಜೀವಿಗಳದ್ದು. ಅವು ಎಣ್ಣೆಯ ಇಂಗಾಲವನ್ನು ತಿಂದು ಬದುಕುತ್ತವೆ. ಸಾರಜನಕ, ರಂಜಕ ಕಡಿಮೆ ಬಿದ್ದರೆ ಯೂರಿಯಾ, ಡಿಎಪಿ ಅಳೆದು ಕೊಡಬೇಕು. 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಎಂಬುದು ರೂಢಿಯ ಲೆಕ್ಕ. ಒಂದು ಕಿಲೋ ಎಣ್ಣೆಯನ್ನು ಅವು ಪೂರ್ತಿ ಅರಗಿಸಲು ಮೂರು ಕಿಲೋಗಿಂತ ಹೆಚ್ಚು ಆಮ್ಲಜನಕ ಬೇಕು. ಅದಕ್ಕೇ ತಿಪ್ಪೆಯ ಗೊಬ್ಬರದಂತೆ ಇದನ್ನೂ ಆಗಾಗ ಮಗುಚಬೇಕು, ತೇವ ಆರದಂತೆ ಕಾಯಬೇಕು. ಡೀಸೆಲ್ಲಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಆರು ತಿಂಗಳಿಂದ ಎರಡು ವರ್ಷ ಹಿಡಿಯಬಹುದು. ಪೆಟ್ರೋಲ್ ಬೇಗ ಆವಿಯಾಗಿ ಗಾಳಿ ಕೆಡಿಸುವುದರಿಂದ ಆ ಮಣ್ಣನ್ನು ಮುಚ್ಚಿದ ಗುಡ್ಡೆಯಲ್ಲಿಟ್ಟು, ಹೊರಬರುವ ಗಾಳಿಯನ್ನು ಇದ್ದಿಲಿನ ಶೋಧಕದ ಮೂಲಕ ಹಾಯಿಸುತ್ತಾರೆ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಹಾಕುವುದೂ ಉಂಟು. ದೆಹಲಿಯ ಟೆರಿ ಸಂಸ್ಥೆ ರೂಪಿಸಿದ ‘ಆಯಿಲ್‌ಜ್ಯಾಪರ್’ ಅಂಥದು. ಅಸ್ಸಾಂ, ಗುಜರಾತಿನ ತೈಲಕ್ಷೇತ್ರಗಳಲ್ಲಿ ಬಳಕೆಯಾಗಿದೆ.

ಕೆಟ್ಟ ನೆಲವನ್ನು ಶುದ್ಧಿ ಮಾಡುವುದು ಆಗದ ಕೆಲಸವಲ್ಲ. ಅಮೆರಿಕದಲ್ಲಿ 1984ರಲ್ಲಿ ಕಾನೂನು ಬಂದ ಮೇಲೆ ಇಂಥ ಟ್ಯಾಂಕುಗಳ ಐದೂವರೆ ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಪತ್ತೆಯಾಗಿವೆ. ಐದು ಲಕ್ಷಕ್ಕೂ ಹೆಚ್ಚು ಕಡೆ ಶುದ್ಧಿ ಮುಗಿದಿದೆ. ನಮ್ಮಲ್ಲಿ ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳು 2025ರ ಜುಲೈನಲ್ಲಿ ಬಂದಿವೆ. ನೆಲ ಕೆಡಿಸಿದವರೇ ಖರ್ಚು ಹೊರಬೇಕೆಂಬುದು ಅವುಗಳ ತಿರುಳು.

ನಿಮ್ಮ ಬಾವಿಯ ನೀರಿಗೆ ಎಣ್ಣೆಯ ವಾಸನೆ ಬಂದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕಾಯಿಸಿದರೆ ಸರಿಹೋಗುತ್ತದೆ ಎಂದೂ ನಂಬಬೇಡಿ. ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ದೂರು ಕೊಡಿ. ಮಣ್ಣು, ನೀರು ಎರಡರ ಪರೀಕ್ಷಾ ವರದಿಯೂ ಕೈಗೆ ಬರುವವರೆಗೆ ಕೆಲಸ ಮುಗಿಯಿತೆಂದು ಒಪ್ಪಿಕೊಳ್ಳಬೇಡಿ.